ಒಡೆಯಲು ಹೋದ ಹಡಗಿನ ನೆನಪು

ಪ್ರಶ್ನೆ: 2019ರ ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಮುಂಬೈಯಿಂದ ಗೋವಾಕ್ಕೆ ‘ಕರ್ನಿಕಾ’ ಕ್ರೂಸ್ ಹಡಗಿನಲ್ಲಿ ಹೋಗಿದ್ದೆ. ಅಪ್ಪ ಈಗ ಇಲ್ಲ. ಮೊನ್ನೆ ಹಳೆಯ ಫೋಟೋ ನೋಡುತ್ತಾ ಆ ಹಡಗು ಈಗ ಎಲ್ಲಿದೆ ಅಂತ ಹುಡುಕಿದರೆ, ಗುಜರಾತಿನ ಅಲಂಗ್‌ನಲ್ಲಿ ಒಡೆದು ಗುಜರಿಗೆ ಹಾಕಿದ್ದಾರೆ ಅಂತ ಗೊತ್ತಾಯಿತು. ಎರಡು ದಿನ ಮನಸ್ಸು ಸರಿಯಿರಲಿಲ್ಲ. ಬರೀ ಕಬ್ಬಿಣಕ್ಕೆ ಇಷ್ಟು ಬೇಜಾರಾಗುವುದು ಅತಿಯಾಯಿತಾ? ಅಷ್ಟು ಚೆನ್ನಾಗಿದ್ದ ಹಡಗನ್ನು ಹೋಟೆಲೋ ಮ್ಯೂಸಿಯಮ್ಮೋ ಮಾಡಿ ಉಳಿಸಬಹುದಿತ್ತಲ್ಲ? ಅದರ ಒಂದಾದರೂ ಸಾಮಾನು ಎಲ್ಲಾದರೂ ಸಿಗುತ್ತದಾ?
– ಬೆಂಗಳೂರಿನ ಓದುಗರೊಬ್ಬರು

ಉತ್ತರ: ಅತಿಯೇನೂ ಆಗಲಿಲ್ಲ. ಅಪ್ಪ ಕೈಯಿಟ್ಟು ನಿಂತ ರೇಲಿಂಗನ್ನು ಯಾರೋ ಗ್ಯಾಸ್ ಕಟರ್ ಹಿಡಿದು ಕತ್ತರಿಸಿದರು ಅಂದರೆ ಯಾರಿಗಾದರೂ ಚುರ್ ಅನ್ನುತ್ತದೆ. ಊರಿನ ಮನೆ ಮಾರಿದರೂ ಬೀದಿಯಲ್ಲಿ ನಿಂತು ಅದರ ಗೇಟಾದರೂ ನೋಡಿ ಬರಬಹುದು. ಹಡಗಿಗೆ ವಿಳಾಸವೇ ಇಲ್ಲ. ಹೋದರೆ ಪೂರ್ತಿ ಹೋಯಿತು. ನಾನು ಎಂಜಿನ್ ರೂಮಿನಲ್ಲಿ ದುಡಿದು, ಆಮೇಲೆ ಹಡಗುಗಳ ಸರ್ವೆ ಮಾಡುತ್ತಾ ವಯಸ್ಸು ಕಳೆದವನು. ನಮ್ಮಂಥವರಿಗೂ ಹಳೆಯ ಹಡಗಿನ ಹೆಸರು ಗುಜರಿ ಪಟ್ಟಿಯಲ್ಲಿ ಕಂಡರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಆದರೆ ನಿಮ್ಮ ಎರಡನೇ ಪ್ರಶ್ನೆಯಲ್ಲಿ, ಅಂದರೆ ಉಳಿಸಬಹುದಿತ್ತಲ್ಲ ಅನ್ನುವುದರಲ್ಲಿ, ನಾನು ನಿಮ್ಮ ಜೊತೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ನಿಮ್ಮ ಹಡಗಿನ ಕಥೆ ಕೇಳಿ. ಕರ್ನಿಕಾ ಅನ್ನುವುದು ಅದರ ಕೊನೆಯ ಹೆಸರು, ಅದೂ ಒಂದೇ ಒಂದು ವರ್ಷ ಓಡಿದ ಹೆಸರು. 1990ರಲ್ಲಿ ಇಟಲಿಯ ಮೊನ್ಫಾಲ್ಕೋನೆಯಲ್ಲಿ ಫಿಂಕಾಂತಿಯೇರಿ ಕಂಪನಿಯವರು ಕಟ್ಟಿದಾಗ ಅದು ‘ಕ್ರೌನ್ ಪ್ರಿನ್ಸೆಸ್’. ಅಮೆರಿಕದ ಪ್ರಯಾಣಿಕರಿಗೆಂದು ಕಟ್ಟಿದ್ದು. ನಿಮ್ಮ ಫೋಟೋ ಮತ್ತೊಮ್ಮೆ ತೆಗೆದು ನೋಡಿ, ಹಡಗಿನ ನೆತ್ತಿಯ ಮುಂಭಾಗದಲ್ಲಿ ಒಂದು ನುಣುಪಾದ ಗುಮ್ಮಟ ಕಾಣುತ್ತದೆ, ಡಾಲ್ಫಿನ್‌ನ ಹಣೆಯ ಹಾಗೆ. ಆ ರೂಪ ಕೊಟ್ಟವರು ರೆನ್ಜೋ ಪಿಯಾನೋ. ಪ್ಯಾರಿಸ್‌ನ ಪಾಂಪಿಡೂ ಸೆಂಟರ್ ವಿನ್ಯಾಸ ಮಾಡಿದವರಲ್ಲಿ ಒಬ್ಬರು, ಲಂಡನ್ನಿನ ಶಾರ್ಡ್ ಕಟ್ಟಡ ಕೂಡ ಅವರದೇ. ಅಂಥ ದೊಡ್ಡ ಆರ್ಕಿಟೆಕ್ಟ್ ಕೈಯಿಟ್ಟ ಕ್ರೂಸ್ ಹಡಗುಗಳು ಬೆರಳೆಣಿಕೆ. ನೀವು ಗೋವಾಕ್ಕೆ ಹೋಗಿ ಬಂದದ್ದು ಅದರಲ್ಲಿ.

2002ರಲ್ಲಿ ಅದು ಜರ್ಮನ್ನರ ಮಾರುಕಟ್ಟೆಗೆ ಹೋಗಿ ‘ಅರೋಸಾ ಬ್ಲೂ’ ಆಯಿತು, ಆಮೇಲೆ ‘ಐಡಾಬ್ಲೂ’. ಅಲ್ಲಿಂದ ಬ್ರಿಟಿಷರ ‘ಓಷನ್ ವಿಲೇಜ್ ಟೂ’. 2009ರಿಂದ ಹತ್ತು ವರ್ಷ ಆಸ್ಟ್ರೇಲಿಯಾದಲ್ಲಿ ‘ಪೆಸಿಫಿಕ್ ಜ್ಯುವೆಲ್’. 2019ರಲ್ಲಿ ಜಲೇಶ್ ಕ್ರೂಸಸ್‌ನವರು ಕೊಂಡು ಮುಂಬೈಗೆ ತಂದು ಕರ್ನಿಕಾ ಅಂತ ಹೆಸರಿಟ್ಟರು. ಮೂವತ್ತು ವರ್ಷಕ್ಕೆ ಆರು ಹೆಸರು. ಸಿಡ್ನಿಯಲ್ಲಿ ಯಾರೋ ಅದರ ಮೇಲೆ ಮದುವೆಯ ವರ್ಷಾಚರಣೆ ಮಾಡಿದ್ದಾರೆ, ಹ್ಯಾಂಬರ್ಗ್‌ನಲ್ಲಿ ಯಾರಿಗೋ ಅದೇ ಮೊದಲ ಸಮುದ್ರಯಾನ. ಅವರೆಲ್ಲ ಬೇರೆ ಬೇರೆ ಹೆಸರಿಟ್ಟುಕೊಂಡು ಈಗ ಅದೇ ಹಡಗಿಗೆ ಮರುಗುತ್ತಿದ್ದಾರೆ. ನಿಮ್ಮ ಹಾಗೆ ಒಂದೇ ಸಲ ಹತ್ತಿ ಇಳಿದವರೂ ಅದರಲ್ಲಿ ಬೇಕಾದಷ್ಟು ಜನ ಇದ್ದಾರೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಲೋಕದ ಕ್ರೂಸ್ ಹಡಗುಗಳೆಲ್ಲ ನಿಂತವು. ಜಲೇಶ್ ಕಂಪನಿ ಅದೇ ವರ್ಷ ಬಾಗಿಲು ಹಾಕಿತು. ನವೆಂಬರ್‌ನಲ್ಲಿ ಕರ್ನಿಕಾ ಅಲಂಗ್‌ನ ಕೆಸರಿಗೆ ಬಂತು.

ನಿಂತ ಹಡಗಿಗೆ ಖರ್ಚಿಲ್ಲ ಅಂದುಕೊಳ್ಳಬೇಡಿ. ಜನರೇಟರ್ ಓಡಲೇಬೇಕು, ಇಲ್ಲದಿದ್ದರೆ ಕರೆಂಟಿಲ್ಲ, ತಳದ ನೀರೆತ್ತುವ ಬಿಲ್ಜ್ ಪಂಪಿಲ್ಲ, ಬೆಂಕಿ ಅಲಾರಂ ಇಲ್ಲ. ಎಸಿ ನಿಲ್ಲಿಸಿದರೆ ತೇವ ಹಿಡಿದು ಕಾರ್ಪೆಟ್ಟು, ಹಾಸಿಗೆ, ಗೋಡೆ ಎಲ್ಲ ಬೂಸ್ಟು. ಒಂದಷ್ಟು ಸಿಬ್ಬಂದಿ ಇರಲೇಬೇಕು, ಅವರಿಗೆ ಸಂಬಳ, ಊಟ, ವಿಮೆ. ಬಂದರಿಗೆ ಬಾಡಿಗೆ. ಟಿಕೆಟ್ ದುಡ್ಡು ಸೊನ್ನೆ. ಇದರ ಮೇಲೆ ಹಡಗಿಗೆ ಐದು ವರ್ಷಕ್ಕೊಮ್ಮೆ ದೊಡ್ಡ ಸರ್ವೆ ಇರುತ್ತದೆ. ಮೂವತ್ತು ತುಂಬಿದ ಹಡಗಿನಲ್ಲಿ ಆ ಸರ್ವೆಗೆ ಹೋದರೆ ತಳದ ತಗಡು ಎಷ್ಟು ಸವೆದಿದೆ, ಪೈಪು ಎಷ್ಟು ತುಕ್ಕು ತಿಂದಿದೆ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಸರ್ವೆ ಮಾಡುವಾಗ ಕೈಯಲ್ಲೊಂದು ಸಣ್ಣ ಯಂತ್ರ ಇಟ್ಟುಕೊಂಡು ತಗಡಿನ ದಪ್ಪ ಅಳೆಯುತ್ತೇವೆ. ಪರದೆಯ ಮೇಲೆ ಒಂದೊಂದೇ ಅಂಕಿ ಬರುತ್ತಿದ್ದ ಹಾಗೆ ಪಕ್ಕದಲ್ಲಿ ನಿಂತ ಚೀಫ್ ಎಂಜಿನಿಯರ್ ಮುಖ ನೋಡಬೇಕು. ಮಾಲೀಕರು ಹಡಗು ಮಾರುವ ತೀರ್ಮಾನ ಎಷ್ಟೋ ಸಲ ಆ ಅಂಕಿಗಳಿಂದಲೇ ಆಗುತ್ತದೆ, ಭಾವನೆಗೆ ಅಲ್ಲಿ ಜಾಗವೇ ಇಲ್ಲ.

ಇನ್ನೊಂದು ಕಾರಣ ಗಾತ್ರ. ನಿಮ್ಮ ಹಡಗು ಸುಮಾರು 70,000 ಗ್ರಾಸ್ ಟನ್ (ಇದು ಒಳಗಿನ ಜಾಗದ ಅಳತೆ). 1990ರಲ್ಲಿ ಅದು ದೊಡ್ಡ ಹಡಗೇ. 2024ರಲ್ಲಿ ಓಡಾಟ ಶುರು ಮಾಡಿದ ‘ಐಕಾನ್ ಆಫ್ ದ ಸೀಸ್’ 2,48,663 ಗ್ರಾಸ್ ಟನ್. ಈಗಿನ ಪ್ರಯಾಣಿಕರಿಗೆ ಕ್ಯಾಬಿನ್ನಿಗೊಂದು ಬಾಲ್ಕನಿ ಬೇಕು, ನೀರಿನ ಜಾರುಬಂಡೆ ಬೇಕು, ಇಪ್ಪತ್ತು ತರದ ಹೋಟೆಲ್ ಬೇಕು. ಹಳೆಯ ಹಡಗಿಗೆ ಬಾಲ್ಕನಿ ಹೊಲಿದು ಕೊಡಲು ಆಗುವುದಿಲ್ಲ.

ನಿಯಮಗಳೂ ಹಡಗುಗಳನ್ನು ಕೊಲ್ಲುತ್ತವೆ, ಅದು ಜನರಿಗೆ ಅಷ್ಟಾಗಿ ಗೊತ್ತಿಲ್ಲ. 2010ರ ಅಕ್ಟೋಬರ್‌ನಿಂದ ಪ್ರಯಾಣಿಕರ ಹಡಗುಗಳಲ್ಲಿ ಬೆಂಕಿ ಹಿಡಿಯುವ ಸಾಮಗ್ರಿ ಬಳಸಿ ಕಟ್ಟಿದ ಒಳಭಾಗ ಇರಬಾರದು ಅಂತ ಅಂತಾರಾಷ್ಟ್ರೀಯ ನಿಯಮ ಜಾರಿಗೆ ಬಂತು. 1950–60ರ ದಶಕದ ಹಡಗುಗಳ ಚೆಲುವೇ ಆ ಮರದ ಕೆಲಸ. ತೇಗ, ವಾಲ್‌ನಟ್ ಹಲಗೆ, ಮರದ ಮೆಟ್ಟಿಲು. ಅದನ್ನೆಲ್ಲ ಕಿತ್ತು ಹೊಸದು ಹಾಕುವಷ್ಟು ದುಡ್ಡು ಯಾರಿಗೂ ಇರಲಿಲ್ಲ. ಆ ದಿನಾಂಕ ಹತ್ತಿರ ಬರುತ್ತಿದ್ದ ಹಾಗೆ ಹಳೆಯ ಸುಂದರಿಯರು ಒಬ್ಬೊಬ್ಬರಾಗಿ ಗುಜರಿಗೆ ಹೋದರು. ಹಡಗು ಪ್ರೇಮಿಗಳು ಗೋಳಾಡಿದರು. ಆದರೆ ನಡುಸಮುದ್ರದಲ್ಲಿ ಬೆಂಕಿ ಅಂದರೆ ಏನು ಅಂತ ಎಂಜಿನ್ ರೂಮಿನವರನ್ನು ಕೇಳಿ, ನಾವು ಯಾರೂ ಆ ನಿಯಮವನ್ನು ಬೈಯುವುದಿಲ್ಲ.

ಕೊರೊನಾ ವರ್ಷ ಮಾತ್ರ ಬೇರೆಯೇ ತರ. ಸಾಮಾನ್ಯವಾಗಿ ಕ್ರೂಸ್ ಹಡಗುಗಳು ವರ್ಷಕ್ಕೆ ಕೆಲವೇ ಕೆಲವು ಸಾಯುತ್ತವೆ. 2020ರಲ್ಲಿ ಟರ್ಕಿಯ ಇಜ್ಮಿರ್ ಹತ್ತಿರದ ಅಲಿಯಾಗದಲ್ಲಿ ಐದು ದೊಡ್ಡ ಹಡಗು ಪಕ್ಕಪಕ್ಕದಲ್ಲಿ ಮೂತಿ ದಡಕ್ಕೆ ಕೊಟ್ಟು ನಿಂತಿರುವ ಚಿತ್ರ ಲೋಕವೆಲ್ಲ ಓಡಾಡಿತು, ನೀವೂ ನೋಡಿರಬಹುದು. ಕಾರ್ನಿವಲ್ ಕಂಪನಿಯ ಫ್ಯಾಂಟಸಿ, ಇನ್‌ಸ್ಪಿರೇಷನ್, ಇಮ್ಯಾಜಿನೇಷನ್, ಜೊತೆಗೆ ಸ್ಪೇನ್‌ನ ಕಂಪನಿಯೊಂದು ದಿವಾಳಿಯಾದ ಮೇಲೆ ಬಂದ ಸಾವರಿನ್ ಮತ್ತು ಮೊನಾರ್ಕ್. ಸಾವರಿನ್ 1988ರಲ್ಲಿ ಬಂದಾಗ ಅದರ ಒಳಗಿನ ಹಲವು ಅಂತಸ್ತಿನ ಏಟ್ರಿಯಂ (ಎತ್ತರದ ತೆರೆದ ಹಜಾರ), ಗಾಜಿನ ಲಿಫ್ಟ್ ನೋಡಿ ಜನ ಬಾಯಿಬಿಟ್ಟಿದ್ದರು. ಇವತ್ತಿನ ಕ್ರೂಸ್ ಹಡಗು ಹೇಗಿರಬೇಕು ಅಂತ ಹೇಳಿಕೊಟ್ಟದ್ದೇ ಅದು. ಅದರ ಮೂತಿ ಕಿತ್ತುಹೋಗಿ ಒಳಗಿನ ಅಂತಸ್ತುಗಳು ಕಾಣುವ ಫೋಟೋ ನೋಡಿದಾಗ ನನಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ನಮ್ಮ ಅಲಂಗ್‌ಗೂ ಆಗ ಸಾಲುಸಾಲಾಗಿ ಬಂದವು. ಅದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ‘ಮಾರ್ಕೊ ಪೋಲೊ’. 1965ರಲ್ಲಿ ಪೂರ್ವ ಜರ್ಮನಿಯ ವಿಸ್ಮಾರ್‌ನಲ್ಲಿ ಸೋವಿಯತ್ ಒಕ್ಕೂಟಕ್ಕಾಗಿ ಕಟ್ಟಿದ ಹಡಗು, ಮೂಲ ಹೆಸರು ‘ಅಲೆಕ್ಸಾಂಡರ್ ಪುಷ್ಕಿನ್’. ಅದೇ ಮಾದರಿಯ ಐದು ಹಡಗುಗಳಿಗೂ ಕವಿ-ಸಾಹಿತಿಗಳ ಹೆಸರೇ ಇಟ್ಟಿದ್ದರು: ಇವಾನ್ ಫ್ರಾಂಕೊ, ತಾರಸ್ ಶೆವ್‌ಚೆಂಕೊ, ಶೋತಾ ರುಸ್ತವೇಲಿ, ಮಿಖಾಯಿಲ್ ಲೆರ್ಮೊಂತೊವ್. (ಕುವೆಂಪು ಅಂತ ಒಂದು ಪ್ರಯಾಣಿಕರ ಹಡಗು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ?) ಲೆನಿನ್‌ಗ್ರಾಡ್–ಮಾಂಟ್ರಿಯಲ್ ನಡುವೆ ಓಡಿ, ಆಮೇಲೆ ಹೊಸ ಮಾಲೀಕರ ಕೈಯಲ್ಲಿ ಪೂರ್ತಿ ರಿಪೇರಿಯಾಗಿ, ಐವತ್ತೈದು ವರ್ಷ ಬಾಳಿ, 2021ರ ಜನವರಿಯಲ್ಲಿ ಅಲಂಗ್‌ನ ಕೆಸರಿಗೆ ಏರಿತು. ಅದೇ ತಿಂಗಳು ಅದರದೇ ಕಂಪನಿಯ ‘ಮೆಗೆಲನ್’ ಕೂಡ.

ಅಲಂಗ್‌ಗೇ ಯಾಕೆ ಬರುತ್ತವೆ ಅಂದರೆ ಸಮುದ್ರ ಅಲ್ಲಿ ಉಬ್ಬುವ ರೀತಿಯೇ ಬೇರೆ. ನಮ್ಮ ಮಂಗಳೂರು ಕಡೆ ಭರತ-ಇಳಿತದ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು. ಅಲಂಗ್ ಇರುವ ಖಂಭಾತ್ ಕೊಲ್ಲಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಅದು ಹತ್ತು ಮೀಟರ್ ಹತ್ತಿರ ಹೋಗುತ್ತದೆ. ಅಂದರೆ ಮೂರಂತಸ್ತಿನ ಮನೆ ಮುಳುಗುವಷ್ಟು ನೀರು ದಿನಕ್ಕೆ ಎರಡು ಸಲ ಬಂದು ಹೋಗುತ್ತದೆ. ದಡವೂ ಮೆಲ್ಲನೆಯ ಇಳಿಜಾರು, ಮೇಲೆ ಕೆಸರಿದ್ದರೂ ಗಟ್ಟಿ ತಳ. ಹಡಗನ್ನು ದೊಡ್ಡ ಭರತದ ದಿನ ನೋಡಿಕೊಂಡು ತರುತ್ತಾರೆ. ಟ್ಯಾಂಕುಗಳ ನೀರು ಖಾಲಿ ಮಾಡಿ ಹಗುರ ಮಾಡಿರುತ್ತಾರೆ. ದಡದಲ್ಲಿ ಹಡಗು ಒಡೆಯುವ ಪ್ಲಾಟ್‌ನವರು ಗುರುತಿಗೆ ಬಾವುಟವೋ ದೀಪವೋ ಇಟ್ಟಿರುತ್ತಾರೆ, ಕ್ಯಾಪ್ಟನ್ ಅದಕ್ಕೆ ಮೂತಿ ನೇರ ಹಿಡಿದು ಎಂಜಿನ್ ಪೂರ್ತಿ ವೇಗಕ್ಕೆ ಕೊಡುತ್ತಾನೆ. ಜೀವಮಾನವಿಡೀ ಯಾವುದು ಆಗಬಾರದು ಅಂತ ಎಚ್ಚರ ವಹಿಸಿದನೋ ಅದನ್ನೇ ಬೇಕೆಂದು ಮಾಡುವುದು. ಕೆಳಗೆ ಎಂಜಿನ್ ರೂಮಿನಲ್ಲಿ ಇರುವವರಿಗೆ ದಡ ಕಾಣುವುದಿಲ್ಲ. ಮೊದಲು ಕಾಲಡಿ ಒಂದು ನಡುಕ, ಆಮೇಲೆ ಉದ್ದಕ್ಕೆ ಉಜ್ಜಿದ ಸದ್ದು, ಆಮೇಲೆ ಮೇಲಿನಿಂದ ಎಂಜಿನ್ ರೂಮಿಗೆ ಆಜ್ಞೆ ಕಳಿಸುವ ಟೆಲಿಗ್ರಾಫ್‌ನಲ್ಲಿ ‘ಎಂಜಿನ್ ಮುಗಿಯಿತು’ ಅನ್ನುವ ಸಂಕೇತ. ನೀರು ಇಳಿದ ಮೇಲೆ ನೋಡಿದರೆ ಹಡಗು ಬರಿ ನೆಲದ ಮೇಲೆ ನಿಂತಿರುತ್ತದೆ, ಪ್ರೊಪೆಲ್ಲರ್ ಸಮೇತ.

ಆಮೇಲೆ ಕಸ್ಟಮ್ಸ್‌ನವರು, ಗುಜರಾತ್ ಮ್ಯಾರಿಟೈಮ್ ಬೋರ್ಡಿನವರು, ಮಾಲಿನ್ಯ ಮಂಡಳಿಯವರು ಬಂದು ನೋಡಬೇಕು. ಟ್ಯಾಂಕುಗಳಲ್ಲಿ ಗ್ಯಾಸ್ ಉಳಿದಿಲ್ಲ ಅಂತ ಸರ್ಟಿಫಿಕೇಟ್ ಆಗಬೇಕು. ಆಗಲೇ ಕಟರ್ ಹಚ್ಚುವುದು. ಮೊದಲು ಒಳಗಿನ ಸಾಮಾನು ಇಳಿಯುತ್ತದೆ, ಆಮೇಲೆ ಮೂತಿಯಿಂದ ಶುರು ಮಾಡಿ ದೊಡ್ಡ ದೊಡ್ಡ ತುಂಡಾಗಿ ಕತ್ತರಿಸುತ್ತಾರೆ. ಹಡಗು ಹಗುರಾದ ಹಾಗೆ ವಿಂಚ್ ಹಾಕಿ ದಡಕ್ಕೆ ಇನ್ನಷ್ಟು ಎಳೆಯುತ್ತಾರೆ. ತಗಡುಗಳು ಭಾವನಗರ, ಸಿಹೋರ್ ಕಡೆಯ ರೀ-ರೋಲಿಂಗ್ ಮಿಲ್‌ಗಳಿಗೆ ಹೋಗುತ್ತವೆ. ಅಲ್ಲಿ ಕರಗಿಸುವುದೂ ಇಲ್ಲ, ಕಾಯಿಸಿ ಹಾಗೇ ಉರುಳಿಸಿ ಕಂಬಿ ಮಾಡುತ್ತಾರೆ.

ಇಲ್ಲೊಂದು ವ್ಯಾಪಾರದ ವಿಷಯ ಇದೆ. ಗುಜರಿಗೆ ಹಡಗಿನ ಬೆಲೆ ಕಟ್ಟುವುದು ಗ್ರಾಸ್ ಟನ್ ನೋಡಿ ಅಲ್ಲ. ಗ್ರಾಸ್ ಟನ್ ಅಂದರೆ ಒಳಗಿನ ಜಾಗದ ಲೆಕ್ಕ, ತೂಕ ಅಲ್ಲ. ಸರಕು, ಎಣ್ಣೆ, ನೀರು ಏನೂ ಇಲ್ಲದ ಬರೀ ಹಡಗಿನ ತೂಕವನ್ನು ಎಲ್‌ಡಿಟಿ ಅನ್ನುತ್ತಾರೆ, ರೇಟು ಅದರ ಟನ್ನಿಗಿಷ್ಟು ಅಂತ. ಆ ರೇಟಿನಲ್ಲೂ ಕ್ರೂಸ್ ಹಡಗಿಗೆ ಎಣ್ಣೆ ಟ್ಯಾಂಕರಿಗಿಂತ ಸಾಮಾನ್ಯವಾಗಿ ಕಮ್ಮಿ. ಟ್ಯಾಂಕರ್ ಅಂದರೆ ದಪ್ಪ ತಗಡು, ಸಲೀಸಾಗಿ ಕತ್ತರಿಸಬಹುದು. ಕ್ರೂಸ್ ಹಡಗಿನಲ್ಲಿ ಸಾವಿರ ಕೋಣೆ, ಸಾವಿರ ಬಾತ್‌ರೂಮು, ಪ್ಲಾಸ್ಟಿಕ್ಕು, ಫೋಮು, ಕಾರ್ಪೆಟ್ಟು, ಮೈಲಿಗಟ್ಟಲೆ ವೈರು. ಕೆಲಸ ಜಾಸ್ತಿ, ಕಸ ಜಾಸ್ತಿ, ಕಬ್ಬಿಣ ಕಮ್ಮಿ. ಪ್ರಯಾಣಿಕರಿಗೆ ಅರಮನೆ ಅನಿಸಿದ್ದು ಒಡೆಯುವವರಿಗೆ ತಲೆನೋವು.

ಈಗ ಹೋಟೆಲ್, ಮ್ಯೂಸಿಯಂ ವಿಷಯ. ಉಳಿದ ಹಡಗುಗಳ ಗತಿ ಏನಾಗಿದೆ ನೋಡಿ. ‘ಕ್ವೀನ್ ಮೇರಿ’ 1967ರಿಂದ ಅಮೆರಿಕದ ಲಾಂಗ್ ಬೀಚ್‌ನಲ್ಲಿ ನಿಂತಿದೆ, 1972ರಲ್ಲಿ ಹೋಟೆಲಾಯಿತು. 2021ರಲ್ಲಿ ಎಂಜಿನಿಯರುಗಳು ಪರೀಕ್ಷೆ ಮಾಡಿ ತುರ್ತು ರಿಪೇರಿಗೇ 2.3 ಕೋಟಿ ಡಾಲರ್ ಬೇಕು ಅಂದರು. ‘ಕ್ಯೂಇ2’ (ಕ್ವೀನ್ ಎಲಿಜಬೆತ್ 2) 2008ರಲ್ಲಿ ದುಬೈ ಸೇರಿತು, ಹೋಟೆಲ್ ಬಾಗಿಲು ತೆರೆಯಲು ಹತ್ತು ವರ್ಷ ಬೇಕಾಯಿತು, ಅದೂ ದುಬೈನಂಥ ದುಡ್ಡಿನ ಊರಿನಲ್ಲಿ. ‘ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್’ ಕಥೆ ಇನ್ನೂ ಬೇಜಾರು. 1952ರಲ್ಲಿ ಅಟ್ಲಾಂಟಿಕ್ ದಾಟುವ ವೇಗದ ದಾಖಲೆ ಮುರಿದ ಹಡಗು, 1969ರಲ್ಲಿ ಕೆಲಸ ನಿಲ್ಲಿಸಿತು. 1996ರಿಂದ ಫಿಲಡೆಲ್ಫಿಯಾದ ಧಕ್ಕೆಯಲ್ಲಿ ಬಣ್ಣ ಕಿತ್ತುಕೊಂಡು ಸುಮ್ನೆ ನಿಂತಿತ್ತು. ಉಳಿಸಬೇಕು ಅಂತ ಒಂದು ಸಂಘವೇ ಇತ್ತು, ಚಂದಾ ಎತ್ತಿದರು, ಯೋಜನೆ ಮೇಲೆ ಯೋಜನೆ ಬರೆದರು. ಕೊನೆಗೆ ಫ್ಲಾರಿಡಾದ ಒಂದು ಕೌಂಟಿಯವರು (ನಮ್ಮ ಜಿಲ್ಲೆಯ ಹಾಗೆ) ಸಮುದ್ರದ ತಳಕ್ಕೆ ಇಳಿಸಿ ಮೀನುಗಳಿಗೆ ಕೃತಕ ದಿಬ್ಬ ಮಾಡುತ್ತೇವೆ ಅಂತ ಕೊಂಡರು. 2025ರ ಫೆಬ್ರವರಿಯಲ್ಲಿ ಅದನ್ನು ಅಲ್ಲಿಂದ ಎಳೆದುಕೊಂಡು ಹೋದರು. ಓಡಿದ್ದು ಹದಿನೇಳು ವರ್ಷ, ನಿಂತಿದ್ದು ಐವತ್ತೈದು ವರ್ಷ. ಇದು ಉಳಿಸಿದ ಹಾಗಾ?

ನಮ್ಮಲ್ಲಿ ನೌಕಾಪಡೆಯ ಹಳೆಯ ‘ವಿಕ್ರಾಂತ್’ಗೂ ಹಾಗೇ ಆಯಿತಲ್ಲ. 1997ರಲ್ಲಿ ನಿವೃತ್ತಿ, ಆಮೇಲೆ ಮುಂಬೈನಲ್ಲಿ ತೇಲುವ ಮ್ಯೂಸಿಯಂ. ಹತ್ತು ಹನ್ನೊಂದು ವರ್ಷಕ್ಕೆ ಜನ ಹತ್ತುವುದು ಸುರಕ್ಷಿತವಲ್ಲ ಅಂತ ಮುಚ್ಚಿದರು, 2014ರಲ್ಲಿ ಮುಂಬೈನಲ್ಲೇ ಒಡೆದರು. ಯುದ್ಧ ಗೆದ್ದ, ದೇಶವೇ ಹೆಮ್ಮೆಪಟ್ಟ ಹಡಗಿಗೇ ಹಾಗಾದರೆ ಒಂದು ವರ್ಷ ಮುಂಬೈಯಲ್ಲಿ ಓಡಿದ ಕ್ರೂಸ್ ಹಡಗಿಗೆ ಯಾರು ದುಡ್ಡು ಹಾಕುತ್ತಾರೆ? ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಇದೆ, ನೋಡಿರಬಹುದು. ಅದು ಪುಟ್ಟ ಕ್ಷಿಪಣಿ ದೋಣಿ, ನೆಲದ ಮೇಲೆ ಕೂರಿಸಿದ್ದಾರೆ. ಹಾಗೆ ಉಳಿಸಲು ಆಗುವುದು ಅಂಥ ಗಾತ್ರದ್ದನ್ನು ಮಾತ್ರ. ಉಪ್ಪು ನೀರಿನಲ್ಲಿ ನಿಂತ 245 ಮೀಟರ್ ಉದ್ದದ ಹಡಗು ದಿನವೂ ತುಕ್ಕು ತಿನ್ನುತ್ತದೆ, ಓಡುವಾಗ ತಿನ್ನುವುದಕ್ಕಿಂತ ನಿಂತಾಗ ಜಾಸ್ತಿ ತಿನ್ನುತ್ತದೆ, ಯಾಕೆಂದರೆ ನೋಡಿಕೊಳ್ಳುವ ಕೈಗಳು ಕಮ್ಮಿ ಇರುತ್ತವೆ. ನನ್ನ ಕೇಳಿದರೆ, ಕೆಲಸ ಮಾಡುತ್ತಿದ್ದ ಮೈಯಲ್ಲೇ ಹೋಗಿ ಬೇಗ ಕಬ್ಬಿಣವಾಗುವುದು ಆ ಧಕ್ಕೆಯ ಬಾಳಿಗಿಂತ ವಾಸಿ. ಒಪ್ಪದವರು ಬಹಳ ಜನ ಇದ್ದಾರೆ, ಜಗಳಕ್ಕೂ ಬರುತ್ತಾರೆ.

ನಾನು ಬೇಜಾರು ಪಡುವುದು, ಸಿಟ್ಟು ಮಾಡಿಕೊಳ್ಳುವುದು ಹಡಗು ಒಡೆದರು ಅಂತ ಅಲ್ಲ, ಹೇಗೆ ಒಡೆದರು ಅನ್ನುವುದಕ್ಕೆ. ಎಪ್ಪತ್ತರ ದಶಕದ ಅಮೆರಿಕದ ಟಿವಿ ಧಾರಾವಾಹಿ ‘ದ ಲವ್ ಬೋಟ್’ನಿಂದ ಲೋಕಕ್ಕೆಲ್ಲ ಗೊತ್ತಾದ ‘ಪೆಸಿಫಿಕ್ ಪ್ರಿನ್ಸೆಸ್’ 2013ರಲ್ಲಿ ಅಲಿಯಾಗಕ್ಕೆ ಬಂದಾಗ ಪತ್ರಿಕೆಗಳೆಲ್ಲ ಪ್ರೇಮದ ಹಡಗಿಗೆ ವಿದಾಯ ಅಂತ ಬರೆದವು. ಅದರೊಳಗೆ ವಿಷಗಾಳಿ ಕುಡಿದು ಇಬ್ಬರು ಕಾರ್ಮಿಕರು ಸತ್ತರು. ಆ ಧಾರಾವಾಹಿ ನೆನೆದು ಕಣ್ಣೊರೆಸಿಕೊಂಡವರಲ್ಲಿ ಎಷ್ಟು ಜನಕ್ಕೆ ಆ ಇಬ್ಬರ ವಿಷಯ ಗೊತ್ತು?

ಅಲಂಗ್‌ಗೆ ಬಂದವುಗಳಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ್ದು ‘ಫ್ರಾನ್ಸ್’. 1962ರಲ್ಲಿ ಫ್ರಾನ್ಸ್ ದೇಶದ ಹೆಮ್ಮೆಯಾಗಿ ಹೊರಟ ಹಡಗು, ಸುಮಾರು 316 ಮೀಟರ್ ಉದ್ದ. 1974ರಲ್ಲಿ ನಿಲ್ಲಿಸಿದರು, 1979ರಲ್ಲಿ ನಾರ್ವೆಯ ಕಂಪನಿ ಕೊಂಡು ‘ನಾರ್ವೆ’ ಅಂತ ಮಾಡಿ ಕೆರಿಬಿಯನ್‌ನಲ್ಲಿ ಓಡಿಸಿತು. 2003ರ ಮೇ ತಿಂಗಳಲ್ಲಿ ಮಯಾಮಿಯಲ್ಲಿ ಅದರ ಬಾಯ್ಲರ್ ಸಿಡಿದು ಎಂಟು ಸಿಬ್ಬಂದಿ ಸತ್ತರು. ‘ಬ್ಲೂ ಲೇಡಿ’ ಅನ್ನುವ ಹೆಸರಿನಲ್ಲಿ 2006ರ ಆಗಸ್ಟ್‌ನಲ್ಲಿ ಅಲಂಗ್‌ಗೆ ಬಂದಾಗ ಒಳಗೆ ಭಾರೀ ಪ್ರಮಾಣದ ಕಲ್ನಾರು (ಆಸ್ಬೆಸ್ಟಾಸ್) ಇದೆ ಅಂತ ಪರಿಸರದವರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು 2007ರ ಸೆಪ್ಟೆಂಬರ್‌ನಲ್ಲಿ ಒಡೆಯಲು ಅನುಮತಿ ಕೊಟ್ಟಿತು. ಫ್ರೆಂಚರು ಅದರ ಮೂತಿಯ ತುದಿಯನ್ನು ಮಾತ್ರ ಕತ್ತರಿಸಿ ತರಿಸಿಕೊಂಡು 2009ರಲ್ಲಿ ಪ್ಯಾರಿಸ್‌ನಲ್ಲಿ ಹರಾಜು ಹಾಕಿದರು. ಈಗ ಅದು ಲ ಹಾವ್ರ್ ಬಂದರಿನಲ್ಲಿ ನಿಂತಿದೆ. ಹಡಗಿನ ಮೂತಿಯನ್ನು ಪ್ರೀತಿಯಿಂದ ವಾಪಸ್ ತರಿಸಿಕೊಂಡವರು ಅದರ ಕಲ್ನಾರನ್ನು ಮಾತ್ರ ನಮ್ಮವರ ಶ್ವಾಸಕೋಶಕ್ಕೆ ಬಿಟ್ಟರು ಅಂತ ಆಗ ನನಗೆ ಅನಿಸಿತ್ತು. ಈಗಲೂ ಹಾಗೇ ಅನಿಸುತ್ತದೆ.

ಆಮೇಲೆ ಪರಿಸ್ಥಿತಿ ಸುಧಾರಿಸಿಲ್ಲ ಅಂದರೆ ಸುಳ್ಳಾಗುತ್ತದೆ. ಭಾರತ 2019ರಲ್ಲಿ ಹಡಗು ಮರುಬಳಕೆಗೆ ಕಾನೂನು ಮಾಡಿತು. ಹಾಂಗ್‌ಕಾಂಗ್ ಒಪ್ಪಂದ ಅಂತ ಹಡಗು ಒಡೆಯುವುದಕ್ಕೆ ಒಂದು ಅಂತಾರಾಷ್ಟ್ರೀಯ ಒಪ್ಪಂದವಿದೆ, 2009ರಲ್ಲಿ ಬರೆದದ್ದು, ಹದಿನಾರು ವರ್ಷ ಕಾದು 2025ರ ಜೂನ್ 26ರಂದು ಜಾರಿಗೆ ಬಂತು. ಹಡಗಿನಲ್ಲಿ ಯಾವ ವಿಷವಸ್ತು ಎಲ್ಲಿದೆ ಅನ್ನುವ ಪಟ್ಟಿ ಜೊತೆಗೇ ಬರಬೇಕು ಅನ್ನುವುದು ಅದರ ಮುಖ್ಯ ನಿಯಮ. ಅಲಂಗ್‌ನ ಒಳ್ಳೆಯ ಪ್ಲಾಟುಗಳಲ್ಲಿ ಈಗ ಕಾಂಕ್ರೀಟ್ ನೆಲ, ಕ್ರೇನು, ಹೆಲ್ಮೆಟ್ಟು, ತರಬೇತಿ ಎಲ್ಲ ಇದೆ. ಆದರೂ ಒಡಿಶಾ, ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶದಿಂದ ಬಂದ ಹುಡುಗರೇ ಬಿಸಿಲಿಗೆ ನಿಂತು ಕತ್ತರಿಸುವುದು. ಯುರೋಪಿನವರು ತಮ್ಮ ಬಾವುಟದ ಹಡಗು ತಮ್ಮ ಪಟ್ಟಿಯ ಯಾರ್ಡಿಗೇ ಹೋಗಬೇಕು ಅಂತ ನಿಯಮ ಮಾಡಿಕೊಂಡಿದ್ದಾರೆ. ಮಾಲೀಕರು ಕೊನೇ ಗಳಿಗೆಯಲ್ಲಿ ಬಾವುಟವನ್ನೇ ಬದಲಾಯಿಸುತ್ತಾರೆ, ಕಥೆ ಮುಗಿಯಿತು.

ಇನ್ನು ಸಿಬ್ಬಂದಿ. ಹಡಗಿನ ನೆನಪು ಅಂದಾಗ ಪ್ರಯಾಣಿಕರ ನೆನಪೇ ಜಾಸ್ತಿ ಕೇಳಿಬರುತ್ತದೆ. ಮಂಗಳೂರು, ಉಡುಪಿ, ಕಾರವಾರ, ಗೋವಾ ಕಡೆಯಿಂದ ಎಷ್ಟೋ ಜನ ಕ್ರೂಸ್ ಹಡಗುಗಳಲ್ಲಿ ದುಡಿದಿದ್ದಾರೆ, ಗ್ಯಾಲಿಯಲ್ಲಿ (ಹಡಗಿನ ಅಡುಗೆಮನೆ), ಹೌಸ್‌ಕೀಪಿಂಗ್‌ನಲ್ಲಿ, ಬಾರ್‌ನಲ್ಲಿ, ಎಂಜಿನ್ ರೂಮಿನಲ್ಲಿ. ಒಂದೇ ಹಡಗಿಗೆ ಕಾಂಟ್ರಾಕ್ಟ್ ಮೇಲೆ ಕಾಂಟ್ರಾಕ್ಟ್ ಹೋದವರಿದ್ದಾರೆ. ಆ ಸಂಬಳದಲ್ಲಿ ತಂಗಿಯ ಮದುವೆ, ಊರಿನಲ್ಲಿ ಮನೆ. ಅವರಿಗೆ ನೆನಪಿರುವುದು ನಿಮ್ಮ ಏಟ್ರಿಯಂ ಅಲ್ಲ. ನೀರಿನ ಮಟ್ಟದ ಹತ್ತಿರ ಹಡಗಿನ ಉದ್ದಕ್ಕೂ ಹಾದುಹೋಗುವ ಸಿಬ್ಬಂದಿ ಓಣಿ ಇರುತ್ತದೆ, ಅಮೆರಿಕದ ಹೆದ್ದಾರಿಯೊಂದರ ಹೆಸರಿನಲ್ಲಿ ಅದನ್ನು ‘ಐ-95’ ಅಂತ ಕರೆಯುತ್ತಾರೆ. ಲಾಂಡ್ರಿ ಗಾಡಿ, ತರಕಾರಿ ಪೆಟ್ಟಿಗೆ, ಕಸ, ಡ್ಯೂಟಿಗೆ ಓಡುವವರು, ಮುಗಿಸಿ ಕಾಲೆಳೆದುಕೊಂಡು ಬರುವವರು, ಎಲ್ಲ ಅಲ್ಲೇ. ಗೋಡೆಗೆ ಬಣ್ಣ, ನೆಲಕ್ಕೆ ಹಸಿರು ಪೇಂಟು, ತಲೆಯ ಮೇಲೆ ಪೈಪುಗಳು, ಡೀಸೆಲ್ಲು ಸೋಪು ಬೇಯಿಸಿದ ಅನ್ನ ಎಲ್ಲ ಬೆರೆತ ಒಂದು ವಾಸನೆ. ಹಡಗು ಒಡೆಯುವ ವಿಡಿಯೋದಲ್ಲಿ ಆ ಓಣಿ ಅಡ್ಡಕ್ಕೆ ಸೀಳಿ ಬಯಲಾಗಿರುವುದು ಕಂಡರೆ ಅವರಿಗೆ ಆಗುವುದು ನಮ್ಮ-ನಿಮ್ಮ ಬೇಜಾರಿಗಿಂತ ಬೇರೆ. ಕರಾವಳಿಯಲ್ಲಿ ನಿಮಗೆ ಪರಿಚಯದವರಿದ್ದರೆ ಕೇಳಿ ನೋಡಿ, ಒಂದು ಸಂಜೆ ಸಾಲದು.

ಸಾಮಾನಿನ ಪ್ರಶ್ನೆಗೆ ಬರುತ್ತೇನೆ. ಇದು ಹೊಸ ಚಟ ಅಲ್ಲ. ಟೈಟಾನಿಕ್‌ನ ಅಕ್ಕ ‘ಒಲಿಂಪಿಕ್’ ಇಪ್ಪತ್ನಾಲ್ಕು ವರ್ಷ ಓಡಿ 1935ರಲ್ಲಿ ನಿಂತಾಗ, ಇಂಗ್ಲೆಂಡಿನ ಜಾರೋ ಅನ್ನುವ ಊರಿನಲ್ಲಿ ಕೆಲಸವಿಲ್ಲದೆ ಕೂತ ಜನರಿಗೆ ಕೂಲಿ ಸಿಗಲಿ ಅಂತ ಸರ್ ಜಾನ್ ಜಾರ್ವಿಸ್ ಅನ್ನುವ ಸಂಸದರು ಅದನ್ನು ಕೊಂಡು ಅಲ್ಲಿ ಒಡೆಸಿದರು. ಒಳಗಿನ ಮರದ ಹಲಗೆ, ಮೆಟ್ಟಿಲಿನ ರೇಲಿಂಗು ಎಲ್ಲ ಹರಾಜಾದವು. ಆಲ್ನಿಕ್ ಊರಿನ ವೈಟ್ ಸ್ವಾನ್ ಹೋಟೆಲಿನಲ್ಲಿ ಆ ಹಲಗೆಗಳ ನಡುವೆ ಕೂತು ಇವತ್ತಿಗೂ ಊಟ ಮಾಡಬಹುದು. ಒಂದಷ್ಟು ಹಲಗೆಗಳು 2000ದಲ್ಲಿ ‘ಸೆಲೆಬ್ರಿಟಿ ಮಿಲೆನಿಯಂ’ ಅನ್ನುವ ಹೊಸ ಹಡಗಿನ ರೆಸ್ಟೋರೆಂಟ್ ಸೇರಿ ಮತ್ತೆ ಸಮುದ್ರಕ್ಕೆ ಹೋದವು.

ಅಲಂಗ್‌ನಲ್ಲಿ ತ್ರಾಪಜ್ ಊರಿನಿಂದ ಯಾರ್ಡ್‌ವರೆಗಿನ ರಸ್ತೆಯ ಎರಡೂ ಬದಿ ಇಂಥ ಸಾಮಾನಿನ ಅಂಗಡಿಗಳು, ಅಲ್ಲಿಯವರು ‘ಖಾಡಾ’ ಅನ್ನುತ್ತಾರೆ. ಒಬ್ಬನ ಹತ್ತಿರ ಬರೀ ಹಾಸಿಗೆ, ಇನ್ನೊಬ್ಬನ ಹತ್ತಿರ ಬರೀ ಸ್ಟೀಲ್ ಸಿಂಕು, ಮತ್ತೊಬ್ಬನ ಹತ್ತಿರ ತಟ್ಟೆ ಲೋಟ, ಪಕ್ಕದಲ್ಲಿ ಬಾಗಿಲುಗಳ ರಾಶಿ. ಆದರೆ ಸರಕು ಬಂದ ಹಾಗೆ ಖಾಲಿಯಾಗುತ್ತದೆ. 2020ರಲ್ಲಿ ಬಂದ ಹಡಗಿನ ಸಾಮಾನು ಈಗ ಯಾವುದೋ ಊರಿನ ಲಾಡ್ಜಿನಲ್ಲೋ ಯಾರದೋ ಮನೆಯಲ್ಲೋ ಇರುತ್ತದೆ. ಸಿಕ್ಕರೂ ಅದರ ಮೇಲೆ ಕರ್ನಿಕಾ ಅಂತ ಇರುವ ಸಾಧ್ಯತೆ ಕಮ್ಮಿ, ಒಂದು ವರ್ಷದ ಹೆಸರಲ್ವಾ. ಆಸ್ಟ್ರೇಲಿಯಾ ಕಾಲದ ಗುರುತು ಇದ್ದರೆ ಆಶ್ಚರ್ಯಪಡಬೇಡಿ, ಅದೂ ನಿಮ್ಮ ಹಡಗೇ.

ಯಾರಾದರೂ ಕರ್ನಿಕಾದ ಹಿತ್ತಾಳೆ ಕಿಟಕಿ, ಹಿತ್ತಾಳೆ ದಿಕ್ಸೂಚಿ ಅಂತ ಆನ್‌ಲೈನ್‌ನಲ್ಲಿ ತೋರಿಸಿದರೆ ಕೊಳ್ಳಬೇಡಿ. 1990ರ ಹಡಗಿನ ಕ್ಯಾಬಿನ್ನಿಗೆ ಹಿತ್ತಾಳೆಯ ದುಂಡು ಕಿಟಕಿ ಇರುವುದೇ ಇಲ್ಲ. ಅಂಥದ್ದೆಲ್ಲ ಹೊಸದಾಗಿ ಮಾಡಿ ಹಳೆಯ ಬಣ್ಣ ಹಚ್ಚಿದ ಮಾಲು. ಹಳೆಯ ಲೈಫ್ ಜಾಕೆಟ್ ಗೋಡೆಗೆ ನೇತುಹಾಕಲು ಪರವಾಗಿಲ್ಲ, ಮಕ್ಕಳಿಗೆ ಹಾಕಿ ನೀರಿಗಿಳಿಸಬೇಡಿ. ಗೋಡೆಯ ಹಲಗೆ, ಪೈಪಿನ ಸುತ್ತಿನ ಹೊದಿಕೆ, ಬೆಂಕಿ ತಡೆಯುವ ಬಾಗಿಲು ಇವುಗಳನ್ನಂತೂ ಮನೆಗೆ ತರಲೇಬೇಡಿ. 2002ಕ್ಕಿಂತ ಮುಂಚಿನ ಹಡಗಿನಲ್ಲಿ ಅವುಗಳೊಳಗೆ ಕಲ್ನಾರು ಇರಬಹುದು. ಒಂದು ಡ್ರಿಲ್ ಹೊಡೆದರೆ ಸಾಕು, ಧೂಳಾಗಿ ಹಾರುತ್ತದೆ. ತಟ್ಟೆ, ಚಮಚ, ಕ್ಯಾಬಿನ್ ನಂಬರಿನ ಫಲಕ, ಡೆಕ್ ನಕ್ಷೆ, ‘ಮಸ್ಟರ್ ಸ್ಟೇಷನ್’ (ಅಪಾಯದ ಹೊತ್ತಿಗೆ ಸೇರುವ ಜಾಗ) ಬೋರ್ಡು ಇಂಥವು ಸಿಕ್ಕರೆ ಧೈರ್ಯವಾಗಿ ತನ್ನಿ.

ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಪ್ರತಿ ಹಡಗಿಗೂ ಏಳು ಅಂಕಿಯ ಐಎಂಒ ನಂಬರ್ ಇರುತ್ತದೆ. ಹೆಸರು, ಬಾವುಟ, ಮಾಲೀಕ ಎಷ್ಟು ಸಲ ಬದಲಾದರೂ ಅದು ಬದಲಾಗುವುದಿಲ್ಲ. ಕರ್ನಿಕಾದ ನಂಬರ್ ಹುಡುಕಿ, ಅದನ್ನೇ ಹಾಕಿ ಮತ್ತೆ ಹುಡುಕಿದರೆ ಆರೂ ಹೆಸರಿನ ಫೋಟೋಗಳು, ಜನರ ಪ್ರವಾಸದ ವಿಡಿಯೋಗಳು ಸಿಗುತ್ತವೆ. ನೀವು ಅಪ್ಪನ ಜೊತೆ ನಿಂತ ಡೆಕ್ ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತದೆ.

ಅಷ್ಟು ಸಾಲದಿದ್ದರೆ, ಅದಕ್ಕೊಬ್ಬ ತಂಗಿ ಇದ್ದಾಳೆ. 1991ರ ‘ರೀಗಲ್ ಪ್ರಿನ್ಸೆಸ್’, ಅದೇ ಯಾರ್ಡು, ಅದೇ ಪಿಯಾನೋ ವಿನ್ಯಾಸ, ನೆತ್ತಿಯ ಮೇಲೆ ಅದೇ ಡಾಲ್ಫಿನ್ ಗುಮ್ಮಟ. ಆಮೇಲೆ ಅದೂ ಆಸ್ಟ್ರೇಲಿಯಾಕ್ಕೆ ಹೋಗಿ ‘ಪೆಸಿಫಿಕ್ ಡಾನ್’ ಆಯಿತು. 2020ರಲ್ಲಿ ಕ್ರಿಪ್ಟೊ ದುಡ್ಡಿನವರು ಕೊಂಡು ‘ಸತೋಶಿ’ ಅಂತ ಹೆಸರಿಟ್ಟು ಪನಾಮಾ ಹತ್ತಿರ ತೇಲುವ ಊರು ಮಾಡುತ್ತೇವೆ ಅಂತ ಹೊರಟರು, ವಿಮೆ ಸಿಗಲಿಲ್ಲ, ಕೈಬಿಟ್ಟು ಅಲಂಗ್‌ನ ಗುಜರಿಯವರಿಗೆ ಮಾರಿದರು. ಅಕ್ಕನ ಹಿಂದೆಯೇ ಹೋಗಬೇಕಿತ್ತು. ಅಷ್ಟರಲ್ಲಿ ಬ್ರಿಟನ್ನಿನ ಅಂಬಾಸಡರ್ ಕ್ರೂಸ್ ಲೈನ್‌ನವರು ಕೊಂಡರು. ಈಗ ಹೆಸರು ‘ಆಂಬಿಯನ್ಸ್’, 2022ರಿಂದ ಲಂಡನ್ ಹತ್ತಿರದ ಟಿಲ್ಬರಿಯಿಂದ ಹೊರಡುತ್ತದೆ. ಒಳಗಿನ ಅಲಂಕಾರ ಬೇರೆ ಇರುತ್ತದೆ, ಆದರೆ ಓಣಿ, ಮೆಟ್ಟಿಲು, ಡೆಕ್‌ನ ತಿರುವು ನಿಮ್ಮ ಕಾಲಿಗೆ ಗುರುತು ಸಿಗಬೇಕು. ಇಂಗ್ಲೆಂಡ್ ಕಡೆ ಹೋಗುವ ಅವಕಾಶ ಬಂದರೆ ಅಮ್ಮನನ್ನೂ ಕರೆದುಕೊಂಡು ಹೋಗಿ. ತುಂಬಾ ಮುಂದೂಡಬೇಡಿ, ಅದಕ್ಕೂ ಮೂವತ್ತು ದಾಟಿದೆ.